ಹಳೆಯ ಕಾರಿನ ಹೀಟರ್ ಕಂಟ್ರೋಲ್ ದುರಸ್ತಿ: ಕರಾವಳಿಯಲ್ಲಿ ಎ.ಸಿ. ತಣ್ಣಗಾಗದ ಒಂದು ಪ್ರಕರಣ

ಮಂಗಳೂರಿನ ಗ್ಯಾರೇಜಿಗೆ ಹೋಗಿ ಕಾರಿನ ಹೀಟರ್ ರಿಪೇರಿ ಆಗಬೇಕೆಂದು ಹೇಳಿದರೆ ಎದುರಿನವರು ನಗುವುದು ಸಹಜ. ಜನವರಿಯ ನಸುಕಿನಲ್ಲಿಯೂ ಇಲ್ಲಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದು ನಿಂತುಬಿಡುತ್ತದೆ. ಕಾರಿನೊಳಗೆ ಬಿಸಿಗಾಳಿ ಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಹೀಟರ್ ಕೆಡುವುದರಲ್ಲಿ ಎರಡು ಬಗೆಗಳಿವೆ. ಬೇಕೆಂದಾಗ ಬಿಸಿ ಬಾರದಿರುವುದು ಒಂದು, ಬೇಡವೆಂದಾಗ ಬಿಸಿ ನಿಲ್ಲದಿರುವುದು ಇನ್ನೊಂದು. ಮೊದಲನೆಯದು ನಮ್ಮ ಊರಿನಲ್ಲಿ ಹತ್ತು ವರ್ಷ ಗಮನಕ್ಕೆ ಬಾರದೆ ಉಳಿದೀತು. ಎರಡನೆಯದು ಹಾಗಲ್ಲ, ಅದು ಎ.ಸಿ.ಯನ್ನೇ ನಿರುಪಯುಕ್ತಗೊಳಿಸುತ್ತದೆ. ಅದು ಎ.ಸಿ.ಯ ದೋಷದಂತೆಯೇ ಕಾಣುವುದರಿಂದ ಗ್ಯಾಸ್ ತುಂಬಿಸುವುದು, ಕಂಪ್ರೆಸರ್ ನೋಡಿಸುವುದು, ಕಂಡೆನ್ಸರ್ ತೊಳೆಸುವುದು ಎಂದು ಹಣ ಮಾತ್ರ ಖರ್ಚಾಗುತ್ತಾ ಹೋಗುತ್ತದೆ.

ನನ್ನಲ್ಲಿರುವುದು 2002ರ ಮಾದರಿಯ ಒಂದು ಸಣ್ಣ ಪೆಟ್ರೋಲ್ ಕಾರು. ಇದರ ಡ್ಯಾಶ್‌ಬೋರ್ಡಿನ ನಡುವೆ ಅಡ್ಡಲಾಗಿ ಜಾರುವ ಲೀವರುಗಳಿವೆ: ಗಾಳಿ ಮುಖಕ್ಕೋ ಕಾಲಿಗೋ ಗಾಜಿಗೋ ಎಂದು ತೀರ್ಮಾನಿಸುವುದು ಒಂದು, ನೀಲಿಯಿಂದ ಕೆಂಪಿಗೆ ಸರಿಯುವುದು ಇನ್ನೊಂದು, ಹೊರಗಿನ ಗಾಳಿಯೋ ಒಳಗಿನದೋ ಎಂದು ಆರಿಸುವುದು ಮತ್ತೊಂದು. ಯಾವುದರಲ್ಲಿಯೂ ಮೋಟಾರು, ಸೆನ್ಸರುಗಳಿಲ್ಲ. ಪ್ರತಿ ಲೀವರಿನ ಹಿಂದೆಯೂ ಒಂದು ಉಕ್ಕಿನ ತಂತಿ ಇದೆ, ಅಷ್ಟೇ. ಈಚಿನ ಕಾರುಗಳಲ್ಲಿ ಇದೇ ಕೆಲಸವನ್ನು ಸಣ್ಣ ಮೋಟಾರುಗಳು ಮಾಡುತ್ತವೆ. ಅವು ಕೆಟ್ಟರೆ ಹೊಸದನ್ನು ಹಾಕುವುದೇ ದಾರಿ. ತಂತಿಯ ವ್ಯವಸ್ಥೆಯಲ್ಲಿ ದೋಷ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಹಳೆಯ ಕಾರು ಇಟ್ಟುಕೊಂಡವರಿಗೆ ಇದೊಂದು ಸಮಾಧಾನ.

ದೋಷದ ಲಕ್ಷಣ ಹೀಗಿತ್ತು. ಬೆಳಿಗ್ಗೆ ಕಾರು ಹೊರಡಿಸಿದ ಮೊದಲ ಕೆಲವು ನಿಮಿಷ ಎ.ಸಿ. ಚೆನ್ನಾಗಿಯೇ ತಂಪು ಕೊಡುತ್ತಿತ್ತು. ಕದ್ರಿಯಿಂದ ಹೊರಟು ಪಂಪ್‌ವೆಲ್ ದಾಟುವಷ್ಟರಲ್ಲಿ, ಅಂದರೆ ಇಂಜಿನ್ ಬಿಸಿಯಾಗುವ ಹೊತ್ತಿಗೆ, ಗಾಳಿ ಸಪ್ಪೆಯಾಗುತ್ತಿತ್ತು. ನೀಲಿಯ ತುದಿಯಲ್ಲಿದ್ದ ಲೀವರನ್ನು ಕೆಂಪಿನ ತುದಿಗೆ ಸರಿಸಿದರೂ ಗಾಳಿಯಲ್ಲಿ ಬದಲಾವಣೆ ಇರಲಿಲ್ಲ, ಮರಳಿ ತಂದರೂ ಇರಲಿಲ್ಲ. ಲೀವರು ಮಾತ್ರ ಎಂದಿಗಿಂತ ಹಗುರವಾಗಿ ಜಾರುತ್ತಿತ್ತು. ಕೇಬಲ್ ಲೀವರು ಇದ್ದಕ್ಕಿದ್ದಂತೆ ಹಗುರಾಯಿತೆಂದರೆ ಅದರ ಇನ್ನೊಂದು ತುದಿಯಲ್ಲಿ ಭಾರವೇನೂ ಇಲ್ಲವೆಂದು ಅರ್ಥ.

ಇಲ್ಲಿ ಹೀಟರಿನ ಪೆಟ್ಟಿಗೆಯೊಳಗೆ ಗಾಳಿ ಸಾಗುವ ದಾರಿಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬ್ಲೋವರ್, ಅಂದರೆ ಒಳಗಿನ ಫ್ಯಾನ್, ತಳ್ಳಿದ ಗಾಳಿ ಮೊದಲು ಎ.ಸಿ.ಯ ಕೂಲಿಂಗ್ ಕಾಯಿಲ್ ಮೂಲಕ ಹಾದುಹೋಗುತ್ತದೆ. ಅಲ್ಲಿ ಅದು ತಣ್ಣಗಾಗುವುದರ ಜೊತೆಗೆ ತನ್ನಲ್ಲಿರುವ ನೀರಿನ ಅಂಶವನ್ನೂ ಕಳೆದುಕೊಳ್ಳುತ್ತದೆ, ಎ.ಸಿ. ಹಾಕಿ ನಿಲ್ಲಿಸಿದ ಕಾರಿನಡಿ ತೊಟ್ಟಿಕ್ಕುವ ನೀರು ಇದೇ. ಆಮೇಲೆ ಸಿಗುವುದು ಹೀಟರ್ ಕೋರ್, ಅಂದರೆ ಇಂಜಿನಿನ ಬಿಸಿ ಕೂಲಂಟ್ (ಇಂಜಿನಿನ ಶಾಖ ಹೊತ್ತೊಯ್ಯುವ ದ್ರವ) ಹರಿಯುವ ಒಂದು ಪುಟ್ಟ ರೇಡಿಯೇಟರ್. ಇವೆರಡರ ನಡುವೆ ಒಂದು ಫ್ಲ್ಯಾಪ್, ಅಂದರೆ ಬಾಗಿಲಿನಂತೆ ತಿರುಗುವ ಹಲಗೆ, ಇದೆ. ಲೀವರು ನೀಲಿಯ ತುದಿಯಲ್ಲಿದ್ದಾಗ ಅದು ಹೀಟರ್ ಕೋರಿನ ಬಾಯನ್ನು ಮುಚ್ಚಿ ಗಾಳಿಯನ್ನು ಪಕ್ಕದಿಂದ ಕಳುಹಿಸುತ್ತದೆ. ಕೆಂಪಿನ ತುದಿಯಲ್ಲಿದ್ದಾಗ ಎಲ್ಲ ಗಾಳಿಯನ್ನೂ ಕೋರಿನ ಮೂಲಕವೇ ಸಾಗಿಸುತ್ತದೆ. ನನ್ನ ಕಾರಿನಲ್ಲಿ ಈ ಫ್ಲ್ಯಾಪಿನ ತೋಳಿನಿಂದ ಇನ್ನೊಂದು ಕೇಬಲ್ ಹೊರಟು, ಇಂಜಿನ್ ಕಡೆಯಲ್ಲಿರುವ ನೀರಿನ ವಾಲ್ವನ್ನು ತಿರುಗಿಸಿ, ಬಿಸಿ ಬೇಡವೆಂದಾಗ ಕೋರಿಗೆ ಕೂಲಂಟ್ ಹೋಗದಂತೆಯೂ ತಡೆಯುತ್ತದೆ. ಇಂಜಿನ್ ಕಾದಾಗ ಆ ಕೂಲಂಟ್ 80ರಿಂದ 95 ಡಿಗ್ರಿಯವರೆಗೆ ಇರುತ್ತದೆ. ಅಷ್ಟು ಬಿಸಿಯಾದ ಕೋರಿನ ಮುಂದಿನ ಫ್ಲ್ಯಾಪ್ ಅರ್ಧ ತೆರೆದು ನಿಂತರೆ, ಕಂಪ್ರೆಸರ್ ಕಷ್ಟಪಟ್ಟು ತಣ್ಣಗೆ ಮಾಡಿದ ಗಾಳಿಯನ್ನು ಅದು ಮರುಕ್ಷಣವೇ ಕಾಯಿಸಿ ಕಳುಹಿಸುತ್ತದೆ.

ಎ.ಸಿ. ಕೆಲಸದವರೊಬ್ಬರು ಗೇಜ್ ಹಾಕಿ ನೋಡಿದರು. ಗ್ಯಾಸಿನ ಒತ್ತಡ ಕಡಿಮೆಯಿರುವ ಲೋ ಸೈಡಿನಲ್ಲಿ 35 ಪಿ.ಎಸ್.ಐ. (ಒತ್ತಡದ ಅಳತೆ) ಆಸುಪಾಸು, ಹೆಚ್ಚಿರುವ ಹೈ ಸೈಡಿನಲ್ಲಿ 220ರ ಆಸುಪಾಸು ಇತ್ತು. ಹೊರಗಿನ ಉಷ್ಣತೆ 32 ಡಿಗ್ರಿ ಇರುವಾಗ ಎ.ಸಿ.ಯಲ್ಲಿ ತುಂಬುವ ಆರ್-134ಎ ಗ್ಯಾಸಿಗೆ ಇದು ಸರಿಯಾದ ಒತ್ತಡವೇ. ಬಾನೆಟ್ಟಿನಡಿಯ ದಪ್ಪ ಪೈಪು ಕೈಗೆ ತಣ್ಣಗೆ ತಗಲುತ್ತಿತ್ತು, ಬೆವರುತ್ತಲೂ ಇತ್ತು. ಗ್ಯಾಸಿನ ಮಾತು ಅಲ್ಲಿಗೆ ಮುಗಿಯಿತು. ಖಚಿತಪಡಿಸಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ಇಂಜಿನ್ ಚೆನ್ನಾಗಿ ಕಾದಿರುವಾಗ ಎ.ಸಿ. ಹಾಕಿ ನಡುವಿನ ವೆಂಟಿನಲ್ಲಿ ಥರ್ಮಾಮೀಟರ್ ಇಟ್ಟೆ. 19 ಡಿಗ್ರಿ ತೋರಿಸಿತು. ಬಳಿಕ ಹೀಟರಿಗೆ ಹೋಗುವ ರಬ್ಬರ್ ಹೋಸನ್ನು ಎರಡು ಚಪ್ಪಟೆ ಮರದ ತುಂಡುಗಳ ನಡುವೆ ಇಟ್ಟು ಜಿ-ಕ್ಲ್ಯಾಂಪಿನಿಂದ ಮೆಲ್ಲನೆ ಬಿಗಿದೆ. ಕೋರಿನಲ್ಲಿ ಉಳಿದಿದ್ದ ಬಿಸಿ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ಅನಂತರ ಅದೇ ವೆಂಟಿನಲ್ಲಿ 10 ಡಿಗ್ರಿ. ಎ.ಸಿ.ಯಲ್ಲಿ ದೋಷವಿಲ್ಲ, ಹೀಟರಿನ ಬಿಸಿ ಒಳಗೆ ಸೋರುತ್ತಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇಪ್ಪತ್ತು ವರ್ಷ ದಾಟಿದ ಹೋಸನ್ನು ಹೀಗೆ ಹಿಸುಕಿದರೆ ಅದು ಬಿರುಕು ಬಿಡುವ ಸಂಭವವಿದೆ. ನಾನು ಹೇಗೂ ಅದನ್ನು ಬದಲಾಯಿಸಲಿದ್ದೆನಾದ್ದರಿಂದ ಹಿಂಜರಿಯಲಿಲ್ಲ. ಹೋಸ್ ಉಳಿಸಿಕೊಳ್ಳಬೇಕೆನ್ನುವವರು ಈ ಪರೀಕ್ಷೆ ಮಾಡದಿರುವುದೇ ಒಳ್ಳೆಯದು.

ಈ ಹಂತದಲ್ಲಿ ನನಗೆ ಸಿಕ್ಕಿದ ಸಲಹೆ ಒಂದೇ. "ಇಲ್ಲಿ ಹೀಟರ್ ಯಾಕೆ ಮಾರಾಯ್ರೆ? ಎರಡು ಪೈಪನ್ನು ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡಿಬಿಡುವ, ಅರ್ಧ ಗಂಟೆಯ ಕೆಲಸ." ಕರಾವಳಿಯಲ್ಲಿ ಓಡುವ ಎಷ್ಟೋ ಹಳೆಯ ಕಾರುಗಳಲ್ಲಿ ಹೀಟರ್ ಹೀಗೆ ಬೈಪಾಸ್ ಆಗಿಯೇ ಇರುತ್ತದೆ. ಸಲಹೆಯಲ್ಲಿ ತಪ್ಪೇನೂ ಇಲ್ಲ, ಖರ್ಚಿಲ್ಲದೆ ಎ.ಸಿ. ತಣ್ಣಗಾಗುತ್ತದೆ. ಆದರೂ ನಾನು ಅದನ್ನು ಒಪ್ಪದಿರಲು ಕಾರಣಗಳಿದ್ದವು.

ಮುಖ್ಯ ಕಾರಣ ಮಳೆಗಾಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುವಾಗ, ಗಾಜಿನ ಮೇಲೆ ಮಂಜು ಕಟ್ಟುವುದು ದಿನನಿತ್ಯದ ಪಾಡು. ಈ ಮಂಜಿನಲ್ಲಿಯೂ ಎರಡು ಜಾತಿ. ಕಿಟಕಿ ಮುಚ್ಚಿ ನಾಲ್ಕು ಜನ ಒದ್ದೆ ಬಟ್ಟೆ, ಒದ್ದೆ ಕೊಡೆಗಳೊಂದಿಗೆ ಕುಳಿತರೆ ಅವರ ಉಸಿರಿನ ತೇವ ಗಾಜಿನ ಒಳಮೈಯಲ್ಲಿ ಕಟ್ಟುತ್ತದೆ. ಇದನ್ನು ಹೋಗಲಾಡಿಸಬೇಕಾದರೆ ಗಾಜಿನ ಮೇಲೆ ಒಣಗಿದ ಗಾಳಿ ಬೀಸಬೇಕು. ಎ.ಸಿ. ಹಾಕಿದರೆ ಗಾಳಿ ಒಣಗುತ್ತದೆ ನಿಜ, ಆದರೆ ಜೊತೆಗೆ ಗಾಜೂ ತಣ್ಣಗಾಗುತ್ತದೆ. ಆಗ ಎರಡನೆಯ ಜಾತಿಯ ಮಂಜು ಹುಟ್ಟುತ್ತದೆ. ಹೊರಗೆ 30 ಡಿಗ್ರಿ ಉಷ್ಣತೆ, ಶೇ. 80ರಷ್ಟು ಸಾಪೇಕ್ಷ ಆರ್ದ್ರತೆ ಇದ್ದರೆ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗಿ ಕಟ್ಟತೊಡಗುವ ಉಷ್ಣತೆ, 26 ಡಿಗ್ರಿಯ ಹತ್ತಿರ ಇರುತ್ತದೆ. ಗಾಜು ಅದಕ್ಕಿಂತ ತಣ್ಣಗಾದ ಕೂಡಲೇ ಅದರ ಹೊರಮೈಯೆಲ್ಲ ಬೆಳ್ಳಗಾಗುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ, ವೈಪರ್ ಹಾಕಿದಷ್ಟು ಹೊತ್ತು ಮಾತ್ರ ದಾರಿ ಕಾಣುತ್ತದೆ. ಒಳಗಿನ ಮಂಜು, ಹೊರಗಿನ ಮಂಜು ಎರಡನ್ನೂ ತಪ್ಪಿಸುವ ಉಪಾಯವೆಂದರೆ ಎ.ಸಿ.ಯಿಂದ ಒಣಗಿಸಿದ ಗಾಳಿಯನ್ನು ಹೀಟರಿನಿಂದ ತುಸು ಬೆಚ್ಚಗೆ ಮಾಡಿ ಗಾಜಿಗೆ ಹಾಯಿಸುವುದು. ಎ.ಸಿ. ಇಲ್ಲದೆ ಹೀಟರ್ ಒಂದೇ ಇದ್ದರೂ ಕೆಲಸ ನಡೆಯುತ್ತದೆ: ತೇವದಿಂದ ತುಂಬಿದ 24 ಡಿಗ್ರಿಯ ಹೊರಗಿನ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಶೇ. 40ರ ಹತ್ತಿರಕ್ಕೆ ಇಳಿಯುತ್ತದೆ, ಅಂಥ ಗಾಳಿ ಗಾಜಿನ ತೇವವನ್ನು ಹೀರಿಕೊಳ್ಳುತ್ತದೆ. ಹೀಟರ್ ಬೈಪಾಸ್ ಆಗಿದ್ದರೆ ಈ ಉಪಾಯಗಳೆಲ್ಲ ಕೈಬಿಟ್ಟಂತೆ.

ಇನ್ನೊಂದು ಕಾರಣ ಘಾಟಿ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿಗಳ ಹಿಂದೆ ಒಂದನೇ ಗೇರಿನಲ್ಲಿ ತೆವಳುವಾಗ ಟೆಂಪರೇಚರ್ ಮುಳ್ಳು ಮೇಲೇರತೊಡಗಿದರೆ, ಎ.ಸಿ. ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತೆರೆದು ಬ್ಲೋವರನ್ನು ಜೋರಾಗಿ ಬಿಡುವುದು ಹಳೆಯ ಚಾಲಕರ ಉಪಾಯ. ಹೀಟರ್ ಕೋರ್ ಆಗ ಎರಡನೆಯ ರೇಡಿಯೇಟರಾಗಿ ಇಂಜಿನಿನ ಶಾಖದಲ್ಲಿ ಒಂದು ಪಾಲನ್ನು ಹೊರಹಾಕುತ್ತದೆ. ಒಳಗೆ ಕುಳಿತವರಿಗೆ ಹಿಂಸೆಯೇ, ಆದರೆ ಇಂಜಿನಿನ ಸಂದುಗಳನ್ನು ಮುಚ್ಚುವ ಗ್ಯಾಸ್ಕೆಟ್ ಕೆಡದೆ ಉಳಿಯುತ್ತದೆ.

ಹಾಗಾಗಿ ಬಿಚ್ಚುವುದೆಂದೇ ತೀರ್ಮಾನಿಸಿದೆ. ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆದಿಟ್ಟೆ. ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ. ಇರುವ ಕಾರುಗಳಲ್ಲಿ ಟರ್ಮಿನಲ್ ತೆಗೆದು ಕೆಲವು ನಿಮಿಷ ಕಾದ ಮೇಲಷ್ಟೇ ಡ್ಯಾಶ್‌ಬೋರ್ಡಿಗೆ ಕೈ ಹಾಕಬೇಕು; ಅದರ ಹಳದಿ ಬಣ್ಣದ ಕನೆಕ್ಟರುಗಳನ್ನು ಮುಟ್ಟಬಾರದು. ಗ್ಲೌ ಬಾಕ್ಸ್, ರೇಡಿಯೋದ ಸುತ್ತಲಿನ ಚೌಕಟ್ಟು, ಲೀವರುಗಳ ತುದಿಯ ಗುಬ್ಬಿಗಳು ಇಷ್ಟನ್ನು ತೆಗೆದರೆ ಕಂಟ್ರೋಲ್ ಪ್ಯಾನೆಲಿನ ಸ್ಕ್ರೂಗಳು ಕಾಣುತ್ತವೆ. ಹಳೆಯ ಪ್ಲಾಸ್ಟಿಕ್ ಚೌಕಟ್ಟಿನ ಲಾಕುಗಳು ಮುರಿಯುವುದು ಇಲ್ಲಿಯೇ. ಕಾರನ್ನು ಒಂದಷ್ಟು ಹೊತ್ತು ಬಿಸಿಲಿನಲ್ಲಿ ನಿಲ್ಲಿಸಿ, ಪ್ಲಾಸ್ಟಿಕ್ ಮೆತ್ತಗಾದ ಮೇಲೆ ಎಳೆದರೆ ಅವು ಉಳಿಯುತ್ತವೆ. ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿಕೊಂಡರೆ ಗೀರು ಬೀಳುವುದಿಲ್ಲ.

ಪ್ಯಾನೆಲ್ ಮುಂದಕ್ಕೆ ಬಂದಾಗ ಅದರ ಹಿಂದಿನ ಲೀವರುಗಳ ಗ್ರೀಸ್ ಹಳೆಯ ಜೋನಿ ಬೆಲ್ಲದಂತೆ ಕಂದಾಗಿ, ಅಂಟಾಗಿ ನಿಂತಿತ್ತು. ಆದರೆ ಪ್ಯಾನೆಲ್ ಕಡೆಯಲ್ಲಿ ಕೇಬಲಿನ ಕೊಂಡಿ ಸರಿಯಾಗಿಯೇ ಇತ್ತು. ದೋಷ ಇದ್ದುದು ಇನ್ನೊಂದು ತುದಿಯಲ್ಲಿ. ಎಡಗಡೆಯ ಸೀಟಿನ ಕಾಲಿಡುವ ಜಾಗದಲ್ಲಿ ಬೆನ್ನು ಕೆಳಗಾಗಿ ಮಲಗಿ ಟಾರ್ಚ್ ಹಿಡಿದು ನೋಡಿದರೆ ಹೀಟರ್ ಪೆಟ್ಟಿಗೆಯ ಪಕ್ಕದಲ್ಲಿ ಫ್ಲ್ಯಾಪಿನ ತೋಳು ಕಾಣುತ್ತದೆ. ಕೇಬಲಿನ ಹೊರಗವಚವನ್ನು ಪೆಟ್ಟಿಗೆಗೆ ಬಿಗಿಯಾಗಿ ಹಿಡಿಯುವ ಒಂದು ಸಣ್ಣ ಉಕ್ಕಿನ ಕ್ಲಿಪ್ ಅಲ್ಲಿರಬೇಕಿತ್ತು. ಕ್ಲಿಪ್ ಇರಲಿಲ್ಲ, ಅದು ಕುಳಿತಿದ್ದ ಪ್ಲಾಸ್ಟಿಕ್ ಗೂಟದ ಅರ್ಧ ಭಾಗ ಮುರಿದು ಹೋಗಿತ್ತು, ಉಳಿದ ಅರ್ಧದಲ್ಲಿ ತುಕ್ಕಿನ ಗುರುತು ಮಾತ್ರ ಇತ್ತು.

ಇಂಥ ಕೇಬಲ್ ಕೆಲಸ ಮಾಡುವುದು ಒಳಗಿನ ತಂತಿ ಹೊರಗವಚದೊಳಗೆ ಜಾರುವುದರಿಂದ. ಹೊರಗವಚ ಎರಡೂ ತುದಿಗಳಲ್ಲಿ ಅಲುಗದಂತೆ ಹಿಡಿದಿದ್ದರೆ ಮಾತ್ರ ಲೀವರಿನ ಚಲನೆ ಫ್ಲ್ಯಾಪಿಗೆ ತಲಪುತ್ತದೆ. ಕ್ಲಿಪ್ ಹೋದ ಮೇಲೆ ಲೀವರನ್ನು ಸರಿಸಿದಾಗ ತಂತಿಯ ಜೊತೆಗೆ ಇಡೀ ಕವಚವೇ ಹಿಂದೆ ಮುಂದೆ ಓಡಾಡುತ್ತಿತ್ತು, ಫ್ಲ್ಯಾಪ್ ನಡುದಾರಿಯಲ್ಲಿ ನಿಂತುಬಿಟ್ಟಿತ್ತು. ಕವಚದ ಬಾಯಿಂದ ಹೊರಬರುವ ಜಾಗದಲ್ಲಿ ತಂತಿಗೆ ಸುಮಾರು ಎರಡು ಸೆಂಟಿಮೀಟರ್ ಉದ್ದಕ್ಕೆ ತುಕ್ಕು ಹಿಡಿದು, ಅದರ ಮೈ ಉಬ್ಬಿ, ಅದೇ ಜಾಗದಲ್ಲಿ ಸಣ್ಣಗೆ ಬಾಗಿಯೂ ಇತ್ತು. ಏನಾಗಿರಬೇಕೆಂದು ಊಹಿಸುವುದು ಕಷ್ಟವಲ್ಲ. ತುಕ್ಕಿನಿಂದ ತಂತಿ ಬಿಗಿಯಾದಾಗ ಲೀವರನ್ನು ಬಲವಾಗಿ ನೂಕಿದ ಒತ್ತಡವೆಲ್ಲ ಕ್ಲಿಪ್ಪಿನ ಮೇಲೆ ಬಿದ್ದು, ವಯಸ್ಸಾದ ಪ್ಲಾಸ್ಟಿಕ್ ಮುರಿದಿದೆ.

ಡ್ಯಾಶ್‌ಬೋರ್ಡಿನೊಳಗಿನ ತಂತಿಗೆ ಇಷ್ಟು ತುಕ್ಕು ಹೇಗೆ ಬಂತೆಂಬ ಪ್ರಶ್ನೆಗೆ ಉತ್ತರ ಕಾರಿನ ಹೊರಗೆ ಸಿಕ್ಕಿತು. ವಿಂಡ್‌ಶೀಲ್ಡಿನ ಬುಡದಲ್ಲಿ, ವೈಪರುಗಳ ಅಡಿಯಲ್ಲಿ, ಹೊರಗಿನ ಗಾಳಿ ಒಳಬರುವ ಜಾಲರಿ ಇದೆ. ಅದರ ಕೆಳಗಿನ ತೊಟ್ಟಿಯಿಂದ ಮಳೆನೀರು ಎರಡು ಬದಿಯ ತೂತುಗಳ ಮೂಲಕ ಇಳಿದುಹೋಗಬೇಕು. ಮಾವಿನ ಮರದ ಕೆಳಗೆ ನಿಲ್ಲುವ ಕಾರು ಇದು. ಜಾಲರಿ ತೆಗೆದಾಗ ಕೊಳೆತ ಎಲೆ, ಹೂವಿನ ಪುಡಿ, ಕೆಂಪು ಮಣ್ಣು ಎಲ್ಲ ಸೇರಿ ಗೊಬ್ಬರವೇ ಆಗಿತ್ತು. ಎಡಬದಿಯ ತೂತು ಪೂರ್ತಿ ಕಟ್ಟಿಕೊಂಡಿದ್ದುದರಿಂದ ನೀರು ನಿಂತು ಬ್ಲೋವರಿನ ದಾರಿಯಾಗಿ ಹೀಟರ್ ಪೆಟ್ಟಿಗೆಯ ಕಡೆಗೆ ಇಳಿಯುತ್ತಿತ್ತು. ಸಮುದ್ರದ ಉಪ್ಪುಗಾಳಿಯೂ ಸೇರಿದ ಮೇಲೆ ಕೇಳಬೇಕೆ? ಇದನ್ನು ಶುದ್ಧ ಮಾಡದೆ ಕೇಬಲ್ ಮಾತ್ರ ಹಾಕಿದ್ದರೆ ಒಂದೆರಡು ಮಳೆಗಾಲದಲ್ಲಿ ಮತ್ತೆ ಇದೇ ಗತಿಯಾಗುತ್ತಿತ್ತು. ಮಳೆಗಾಲಕ್ಕೆ ಮುಂಚೆ ಮನೆಯ ಹಂಚಿನ ಮೇಲಿನ ಕಸ ತೆಗೆಸುವವರು ಕಾರಿನ ಈ ತೊಟ್ಟಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಹೊಸ ಕೇಬಲ್ ಸಿಗಲಿಲ್ಲ. ಈ ಮಾದರಿಯ ಬಿಡಿಭಾಗ ಈಗ ಬರುವುದಿಲ್ಲವೆಂದು ಅಂಗಡಿಯವರು ಹೇಳಿದರು. ಗುಜರಿಯಲ್ಲಿ ಸಿಕ್ಕಿದ ಕೇಬಲಿನ ಸ್ಥಿತಿ ನನ್ನದಕ್ಕಿಂತ ಕೆಟ್ಟದಾಗಿತ್ತು. ಹಳೆಯ ಕವಚದ ಒಳಗಿನ ಪ್ಲಾಸ್ಟಿಕ್ ಪದರ ಗಟ್ಟಿಯಾಗಿಯೇ ಇದ್ದುದರಿಂದ ಒಳಗಿನ ತಂತಿಯನ್ನು ಮಾತ್ರ ಬದಲಾಯಿಸುವುದೆಂದು ಬಂದರಿನ ಹಾರ್ಡ್‌ವೇರ್ ಅಂಗಡಿಗಳ ಕಡೆಗೆ ಹೋದೆ. "ಸೈಕಲಿನ ಬ್ರೇಕ್ ವಯರ್ ಹಾಕಿದರೆ ಆಗುವುದಿಲ್ವಾ?" ಎಂದು ಅಂಗಡಿಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ, ಆದರೆ ಅದು ಇಲ್ಲಿ ಆಗುವುದಿಲ್ಲ. ಬ್ರೇಕ್, ಕ್ಲಚ್, ಆಕ್ಸಿಲರೇಟರ್ ಕೇಬಲುಗಳು ಹಲವು ಎಳೆಗಳನ್ನು ಹೊಸೆದು ಮಾಡಿದವು. ಅವು ಎಳೆಯಬಲ್ಲವೇ ಹೊರತು ತಳ್ಳಲಾರವು, ಹಿಂದಕ್ಕೆ ತರುವ ಕೆಲಸವನ್ನು ಒಂದು ಸ್ಪ್ರಿಂಗ್ ಮಾಡುತ್ತದೆ. ಹೀಟರ್ ಫ್ಲ್ಯಾಪಿಗೆ ಅಂಥ ಸ್ಪ್ರಿಂಗ್ ಇಲ್ಲ. ಒಂದೇ ತಂತಿ ಒಂದು ಕಡೆಗೆ ಎಳೆಯಬೇಕು, ಇನ್ನೊಂದು ಕಡೆಗೆ ತಳ್ಳಬೇಕು. ಅದಕ್ಕೆ ಒಂಟಿ ಎಳೆಯ ಸ್ಪ್ರಿಂಗ್ ಸ್ಟೀಲ್ ತಂತಿಯೇ ಆಗಬೇಕು. ಹಳೆಯ ತಂತಿಯ ತುಕ್ಕಿಲ್ಲದ ಭಾಗವನ್ನು ಅಳೆದಾಗ 1.5 ಮಿಲಿಮೀಟರ್ ದಪ್ಪವಿತ್ತು. ಅದೇ ಅಳತೆಯದು ಸಿಕ್ಕಿತು.

ಸ್ಪ್ರಿಂಗ್ ಸ್ಟೀಲನ್ನು ಬಗ್ಗಿಸುವುದು ಮಾಮೂಲಿ ಕಟ್ಟುತಂತಿಯಷ್ಟು ಸುಲಭವಲ್ಲ. ಬೆಂಕಿಗೆ ಹಿಡಿದರೆ ಬಾಗುತ್ತದೆ, ಆದರೆ ಹದ ಹೋಗಿ ಆ ಜಾಗ ಮೆತ್ತಗಾಗುತ್ತದೆ, ಕೆಲವು ತಿಂಗಳಲ್ಲಿ ಅಲ್ಲಿಯೇ ಸೊಟ್ಟಗಾಗುತ್ತದೆ. ತಣ್ಣಗೇ ಬಗ್ಗಿಸಬೇಕು. ವೈಸಿನಲ್ಲಿ ಒಂದು ಡ್ರಿಲ್ ಬಿಟ್ಟಿನ ಹಿಡಿಯನ್ನು ನೆಟ್ಟಗೆ ಬಿಗಿದು, ಅದರ ಸುತ್ತ ನೋಸ್ ಪ್ಲೈಯರಿನಿಂದ ತಂತಿಯನ್ನು ನಿಧಾನವಾಗಿ ಸುತ್ತಿಸಿ ಉಂಗುರ ಮಾಡಿದೆ. ಬಿಟ್ಟ ಕೂಡಲೇ ತಂತಿ ತುಸು ಬಿಚ್ಚಿಕೊಳ್ಳುತ್ತದೆಯಾದ್ದರಿಂದ ಫ್ಲ್ಯಾಪಿನ ತೋಳಿನ ಮೊಳೆಗಿಂತ ಸ್ವಲ್ಪ ಸಪೂರದ ಬಿಟ್ ಆರಿಸಿಕೊಳ್ಳಬೇಕು. ಕವಚದೊಳಗೆ ತೂರಿಸುವ ತುದಿಯನ್ನು ಅರದಿಂದ ಉಜ್ಜಿ ದುಂಡಗೆ ಮಾಡದಿದ್ದರೆ ಅದು ಒಳಗಿನ ಪ್ಲಾಸ್ಟಿಕ್ ಪದರವನ್ನು ಕೆತ್ತಿಕೊಂಡು ಹೋಗುತ್ತದೆ. ಒಂದು ತುದಿಯ ಉಂಗುರವನ್ನು ಮೊದಲೇ ಮಾಡಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಹಚ್ಚಿ ತಂತಿಯನ್ನು ತೂರಿಸಿ, ಹಳೆಯ ತಂತಿಯೊಂದಿಗೆ ಉದ್ದ ಸರಿಹೊಂದಿಸಿಕೊಂಡು ಇನ್ನೊಂದು ತುದಿಯ ಉಂಗುರ ಮಾಡಿದೆ. ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆಯನ್ನು ಇಲ್ಲಿ ಗ್ರೀಸಿನ ಬದಲಿಗೆ ಬಳಸಿದರೆ ಮೊದಲು ಎಲ್ಲ ಚೆನ್ನಾಗಿ ಜಾರುತ್ತದೆ, ಆದರೆ ಅದು ಬೇಗ ಆರಿಹೋಗುತ್ತದೆ.

ಮುರಿದ ಗೂಟದ ಜಾಗಕ್ಕೆ ವಯರಿಂಗಿನಲ್ಲಿ ಬಳಸುವ, ರಬ್ಬರ್ ಹೊದಿಸಿದ ಉಕ್ಕಿನ ಪಿ-ಕ್ಲ್ಯಾಂಪ್ ಹಾಕಿದೆ. ಪೆಟ್ಟಿಗೆಯ ಗೋಡೆಯಲ್ಲಿ ಪ್ಲಾಸ್ಟಿಕ್ ದಪ್ಪವಾಗಿರುವ ಜಾಗ ನೋಡಿ ಸಣ್ಣ ತೂತು ಕೊರೆದು ಸ್ಟೇನ್‌ಲೆಸ್ ಸ್ಕ್ರೂ ಬಿಗಿದೆ. ಸ್ಕ್ರೂ ಉದ್ದವಾದರೆ ಅದರ ಮೊನೆ ಒಳಗೆ ಫ್ಲ್ಯಾಪಿಗೆ ತಗಲುತ್ತದೆ. ಹತ್ತು ಮಿಲಿಮೀಟರ್ ಸಾಕು. ಅಂಟಿನಿಂದ ಗೂಟ ಕೂಡಿಸುವ ಯೋಚನೆ ಮಾಡಲೇ ಇಲ್ಲ. ಈ ಪೆಟ್ಟಿಗೆಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವು, ಅದಕ್ಕೆ ಯಾವ ಮಾಮೂಲಿ ಅಂಟೂ ಸರಿಯಾಗಿ ಹಿಡಿಯುವುದಿಲ್ಲ.

ಇನ್ನು ಹೊಂದಾಣಿಕೆ. ಕೇಬಲ್ ಹೀಟರಿನ ದುರಸ್ತಿಯಲ್ಲಿ ನಿಜವಾಗಿ ತಾಳ್ಮೆ ಬೇಡುವುದು ಇದೊಂದೇ. ಲೀವರನ್ನು ನೀಲಿಯ ತುದಿಗೆ ತಂದು, ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟು ನಿಲ್ಲಿಸಬೇಕು. ಫ್ಲ್ಯಾಪಿನ ತೋಳನ್ನು ಬೆರಳಿನಿಂದ ತಂಪಿನ ಕಡೆಗೆ ಪೂರ್ತಿ ಒತ್ತಿ ಹಿಡಿದು, ಅದು ತನ್ನ ಅಂಚಿಗೆ ಮುಟ್ಟಿದ್ದನ್ನು ಖಚಿತಪಡಿಸಿಕೊಂಡು, ಹಿಡಿದಲ್ಲಿಂದಲೇ ಕವಚವನ್ನು ಕ್ಲ್ಯಾಂಪಿಗೆ ಬಿಗಿಯಬೇಕು. ಕೈ ಬಿಟ್ಟ ಮೇಲೆ ತೋಳು ಹಿಂದೆ ಸರಿದರೆ ಮತ್ತೆ ಸಡಿಲಿಸಿ ಬಿಗಿಯಬೇಕು. ಕೆಲವರು ಎರಡೂ ತುದಿಗಳಿಗೆ ಸಮನಾಗಿ ಹಂಚುವಂತೆ ಲೀವರನ್ನು ನಡುವೆ ಇಟ್ಟು ಹೊಂದಿಸುತ್ತಾರೆ. ಚಳಿಯ ಊರಿನಲ್ಲಿ ಅದು ಸರಿಯಿರಬಹುದು. ನಮ್ಮಲ್ಲಿ ಬಿಸಿಯ ತುದಿಯಲ್ಲಿ ನಾಲ್ಕಾರು ಮಿಲಿಮೀಟರ್ ಕೊರತೆಯಾದರೂ ಯಾರಿಗೂ ತೊಂದರೆಯಿಲ್ಲ, ತಂಪಿನ ತುದಿಯಲ್ಲಿ ಮಾತ್ರ ಒಂದು ಗೆರೆಯಷ್ಟು ಸಂದೂ ಉಳಿಯಬಾರದು.

ಆ ಸಂದು ಉಳಿಯಲು ಇನ್ನೊಂದು ಕಾರಣವೂ ಇತ್ತು. ಬಹಳ ದಿನಗಳಿಂದ ವೆಂಟುಗಳಿಂದ ಎಳ್ಳಿನ ಗಾತ್ರದ ಕಪ್ಪು ಪುಡಿ ಉದುರುತ್ತಿತ್ತು. ಅದು ಫ್ಲ್ಯಾಪಿನ ಅಂಚಿಗೆ ಅಂಟಿಸಿದ ಫೋಮ್, ವಯಸ್ಸಾಗಿ ಪುಡಿಯಾಗುತ್ತಿದೆ. ಪೆಟ್ಟಿಗೆಯನ್ನೇ ಹೊರತೆಗೆದರೆ ಕೆಲಸ ಚೊಕ್ಕವಾಗುತ್ತದೆ, ಆದರೆ ಅದಕ್ಕೆ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು, ಎ.ಸಿ. ಗ್ಯಾಸನ್ನೂ ತೆಗೆಯಬೇಕು. ನಡುವಿನ ಗಾಳಿಕೊಳವೆ ಬಿಚ್ಚಿದಾಗ ಸಿಗುವ ಕಿಂಡಿಯಿಂದ ಕೈ ತೂರಿಸಿದರೆ ಫ್ಲ್ಯಾಪಿನ ಮುಕ್ಕಾಲು ಪಾಲು ಅಂಚು ಬೆರಳಿಗೆ ಸಿಗುತ್ತದೆಂದು ಕಂಡದ್ದರಿಂದ ನಾನು ಅಷ್ಟಕ್ಕೇ ನಿಂತೆ. ಹಳೆಯ ಫೋಮನ್ನು ಕೆರೆದು, ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಸ್ಪಿರಿಟ್ ಬಟ್ಟೆಯಿಂದ ಒರೆಸಿ, ನೀರು ಹೀರದ ಜಾತಿಯ ಕಪ್ಪು ರಬ್ಬರ್ ಫೋಮಿನ ಪಟ್ಟಿ ಅಂಟಿಸಿದೆ. ಹಾಸಿಗೆ, ಕುರ್ಚಿಗೆ ಬಳಸುವ ಸ್ಪಂಜಿನಂಥ ಫೋಮ್ ಇಲ್ಲಿ ಬೇಡ. ಕೂಲಿಂಗ್ ಕಾಯಿಲಿನ ತೇವ ಹೀರಿ ಅದು ಬೂಷ್ಟು ಹಿಡಿಯುತ್ತದೆ, ಎ.ಸಿ. ಹಾಕಿದಾಗಲೆಲ್ಲ ಆ ವಾಸನೆ ಮೂಗಿಗೆ ಬರುತ್ತದೆ. ಕೆಲವು ಕಾರುಗಳ ಫ್ಲ್ಯಾಪಿನ ತಗಡಿನಲ್ಲೇ ತೂತುಗಳಿದ್ದು, ಅವನ್ನು ಮುಚ್ಚುವುದೂ ಇದೇ ಫೋಮ್ ಆಗಿರುತ್ತದೆ. ಅಂಥವುಗಳಲ್ಲಿ ಮೊದಲು ಅಲ್ಯುಮಿನಿಯಂ ಟೇಪ್ ಹಾಕಿ, ಅದರ ಮೇಲೆ ಫೋಮ್ ಅಂಟಿಸಬೇಕಾಗುತ್ತದೆ.

ಇಂಜಿನ್ ಕಡೆಯ ನೀರಿನ ವಾಲ್ವ್ ಅರ್ಧ ತೆರೆದ ಸ್ಥಿತಿಯಲ್ಲಿ ಕಚ್ಚಿಕೊಂಡಿತ್ತು. ಕೂಲಂಟಿನ ಬದಲು ನಳ್ಳಿ ನೀರು ತುಂಬಿಸಿಕೊಂಡು ಓಡಿದ ಕಾರುಗಳಲ್ಲಿ ಇದು ಸಾಮಾನ್ಯ. ಅದನ್ನು ಸರಿಪಡಿಸುವ ಗೋಜಿಗೆ ಹೋಗದೆ, ಹೋಸಿನ ಅಳತೆಗೆ ಸರಿಯಾಗಿ 16 ಮಿಲಿಮೀಟರಿನ ಹೊಸ ವಾಲ್ವ್ ತಂದೆ. ಕೊಳ್ಳುವಾಗ ನೋಡಬೇಕಾದದ್ದು ದಿಕ್ಕು: ಎಳೆದಾಗ ಮುಚ್ಚುವ ವಾಲ್ವುಗಳಿವೆ, ತಳ್ಳಿದಾಗ ಮುಚ್ಚುವವೂ ಇವೆ, ಹೊರನೋಟಕ್ಕೆ ಎರಡೂ ಒಂದೇ. ಹಳೆಯ ಹೋಸುಗಳನ್ನು ಎಳೆದು ಕೀಳಬಾರದು. ಅವು ಕುಳಿತಿರುವ ಹೀಟರ್ ಕೋರಿನ ಕೊಳವೆಗಳು ತೆಳ್ಳಗಿರುತ್ತವೆ, ಒಂದು ಬಾಗಿದರೂ ಡ್ಯಾಶ್‌ಬೋರ್ಡ್ ಇಳಿಸುವ ಕೆಲಸ ತಪ್ಪಿದ್ದಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ, ಹೊಸ ಹೋಸ್, ಹೊಸ ಕ್ಲ್ಯಾಂಪ್ ಹಾಕಿದೆ. ಇಳಿಸಿದ ಹಳೆಯ ಕೂಲಂಟನ್ನು ಅಂಗಳದಲ್ಲಿ ಬಿಡುವಂತಿಲ್ಲ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕಿದರೆ ಸಾಯುತ್ತವೆ.

ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಪಾಲಿನಲ್ಲಿ ಬೆರೆಸಿ ತುಂಬಿದೆ. ಹೀಟರ್ ಕೋರ್ ರೇಡಿಯೇಟರಿಗಿಂತ ಎತ್ತರದಲ್ಲಿರುವ ಕಾರುಗಳಲ್ಲಿ ಗಾಳಿ ಅಲ್ಲಿ ಸಿಕ್ಕಿಕೊಂಡು ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದಾಗುತ್ತದೆ. ಮೂತಿ ಮೇಲಾಗುವಂತೆ ಕಾರನ್ನು ಏರಿನಲ್ಲಿ ನಿಲ್ಲಿಸಿ (ಮಂಗಳೂರಿನಲ್ಲಿ ಏರು ಹುಡುಕಲು ದೂರ ಹೋಗಬೇಕಾಗಿಲ್ಲ), ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಲೀವರನ್ನು ಕೆಂಪಿನ ತುದಿಗೆ ಇಟ್ಟು ಇಂಜಿನ್ ಚಾಲೂ ಮಾಡಿದೆ. ಇಂಜಿನ್ ಕಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆಯುವವರೆಗೆ ಗುಳ್ಳೆಗಳು ಬರುತ್ತಿದ್ದವು. ಮಟ್ಟ ಇಳಿದಂತೆ ತುಂಬಿಸುತ್ತಾ ಹೋಗಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿದೆ. ಕಾದ ಇಂಜಿನಿನ ಮುಚ್ಚಳವನ್ನು ಮಾತ್ರ ಎಂದೂ ತೆಗೆಯಬಾರದು.

ಮೊದಲಿನಂತೆಯೇ ಇಂಜಿನ್ ಕಾಯಿಸಿ, ನಿಂತಲ್ಲೇ ಎ.ಸಿ. ಹಾಕಿ ಅಳೆದಾಗ ನಡುವಿನ ವೆಂಟಿನಲ್ಲಿ 10 ಡಿಗ್ರಿ ಇತ್ತು. ಹೆದ್ದಾರಿಯಲ್ಲಿ 7ಕ್ಕೆ ಇಳಿಯಿತು. ಕೆಂಪಿನ ತುದಿಯಲ್ಲಿ ಕೈ ಹಿಡಿಯಲಾಗದಷ್ಟು ಬಿಸಿ ಬರುತ್ತದೆ. ಉಡುಪಿಗೆ ಹೋಗುವಾಗ ಮೂಲ್ಕಿ ದಾಟಿದ ಮೇಲೆ ಜೋರು ಮಳೆ ಹಿಡಿಯಿತು, ಗಾಜಿನ ಒಳಮೈ ಮಂಜಾಗತೊಡಗಿತು. ಗಾಳಿಯನ್ನು ಗಾಜಿಗೆ ತಿರುಗಿಸಿ, ಹೊರಗಿನ ಗಾಳಿಯ ಲೀವರ್ ತೆರೆದು, ಎ.ಸಿ. ಹಾಕಿಯೇ ಬಿಸಿಯ ಲೀವರನ್ನು ಮೂರನೇ ಒಂದರಷ್ಟು ಕೆಂಪಿನ ಕಡೆಗೆ ಸರಿಸಿದೆ. ಗಾಜು ಬುಡದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂತು, ಪಡುಬಿದ್ರಿ ಬರುವ ಮೊದಲೇ ಪೂರ್ತಿ ಸ್ಪಷ್ಟವಾಯಿತು. ಹೊರಮೈಯಲ್ಲಿ ಮಂಜು ಕಟ್ಟಲೂ ಇಲ್ಲ.

ವಾಲ್ವ್, ಹೋಸ್, ಕೂಲಂಟ್, ತಂತಿ, ಫೋಮ್ ಎಲ್ಲ ಸೇರಿ ಎರಡು ಸಾವಿರ ರೂಪಾಯಿಯ ಒಳಗೇ ಆಯಿತು, ಅದರಲ್ಲಿ ತಂತಿಯ ಪಾಲು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಬಿಸಿ ಬೇಕಿಲ್ಲದ ತಿಂಗಳುಗಳಲ್ಲಿಯೂ ಲೀವರನ್ನು ಆಗಾಗ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಸಿ ತರುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ವರ್ಷಗಟ್ಟಲೆ ನೀಲಿಯಲ್ಲೇ ನಿಂತ ವಾಲ್ವ್ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಉಳಿದಿರುವ ಕೆಲಸವೆಂದರೆ ಬ್ಲೋವರಿನದು. ನಾಲ್ಕನೆಯ ವೇಗ ಬಿಟ್ಟರೆ ಬೇರೆ ವೇಗಗಳು ಒಮ್ಮೊಮ್ಮೆ ಕೈಕೊಡುತ್ತವೆ. ಪೂರ್ಣ ವೇಗದಲ್ಲಿ ಕರೆಂಟ್ ನೇರವಾಗಿ ಮೋಟಾರಿಗೆ ಹೋಗುತ್ತದೆ, ಉಳಿದವುಗಳಲ್ಲಿ ಕರೆಂಟನ್ನು ತಗ್ಗಿಸುವ ರೆಸಿಸ್ಟರ್ ಮೂಲಕ ಹಾದುಹೋಗುತ್ತದೆ; ಆದ್ದರಿಂದ ದೋಷ ರೆಸಿಸ್ಟರಿನಲ್ಲೋ ಅದರ ಕನೆಕ್ಟರಿನಲ್ಲೋ ಇರಬೇಕು. ಅದು ಗ್ಲೌ ಬಾಕ್ಸಿನ ಹಿಂದೆಯೇ ಎರಡು ಸ್ಕ್ರೂಗಳಲ್ಲಿ ನಿಂತಿದೆ, ಹೊಸದನ್ನು ತರಿಸಲು ಹೇಳಿದ್ದೇನೆ.